ನಾಲ್ಕು ದಿನದ ಬರೀ ನೀರು

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ, ಕಾಲುವೆ ದಾಟಿದ ಕೂಡಲೇ ಎಡಕ್ಕೆ, ಹಿಂದೆ ಹತ್ತಿ ತುಂಬಿಡುತ್ತಿದ್ದ ಒಂದು ಗೋದಾಮು ಇತ್ತು. ಚಂದ್ರಾಮಪ್ಪ ಎಂಬ ನಿವೃತ್ತ ವಿಜ್ಞಾನ ಮಾಸ್ತರರು ಅದರೊಳಗೆ ಮಣ್ಣಿಲ್ಲದೆ ಪಾಲಕ್ ಬೆಳೆಯುತ್ತಿದ್ದರು. ಕಿಟಕಿಯೆಲ್ಲ ಮುಚ್ಚಿಸಿ, ಆರು ಸಾಲು ಕಬ್ಬಿಣದ ಕಪಾಟು ನಿಲ್ಲಿಸಿದ್ದರು. ಕಪಾಟಿನಲ್ಲಿ ಬಿಳಿ ಪೈಪು, ಪೈಪಿನ ಒಂದೊಂದು ತೂತಿಗೆ ಒಂದೊಂದು ಗಿಡ, ಮೇಲೆ ದೀಪದ ಪಟ್ಟಿ. ಬೇರುಗಳು ಪೈಪಿನೊಳಗೆ ಹರಿಯುವ ನೀರಿನಲ್ಲೇ ಜೋತಾಡುತ್ತಿದ್ದವು. ಪ್ರತಿ ಸಾಲಿನ ಕೆಳಗೂ ಒಂದು ಕಪ್ಪು ಟಾಕಿ. ಆ ಟಾಕಿಗೆ ಗೊಬ್ಬರ ಕಲಸಿ ಬಿಡುವ ಕೆಲಸ ಸುಂದ್ರಮ್ಮನದು.

ಸುಂದ್ರಮ್ಮನಿಗೆ ನಲವತ್ತೆಂಟರ ಸುಮಾರು. ಗಂಡ ತೀರಿ ಒಂಬತ್ತು ವರ್ಷ. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತದ ನಾಟಿ ಮಾಡಿ ಸೊಂಟ ಹಿಡಿದುಕೊಂಡವಳು. ನೀರು ಬಂದ್ ಆದರೆ ಆ ಕೆಲಸವೂ ಇಲ್ಲ. ಮೂರು ವರ್ಷದ ಹಿಂದೆ ಚಂದ್ರಾಮಪ್ಪ ಕರೆದು ಈ ಕೆಲಸ ಕೊಟ್ಟಾಗ, ನೆರಳಲ್ಲಿ ನಿಂತು ಮಾಡುವ ಕೆಲಸವೂ ಲೋಕದಲ್ಲಿ ಇದೆಯಲ್ಲ ಎಂದು ಅವಳಿಗೆ ಅನಿಸಿತ್ತು. ಓದು ಬರದಿದ್ದರೂ ಅಳತೆ ತಪ್ಪುತ್ತಿರಲಿಲ್ಲ. ಬಿಳಿ ಡಬ್ಬಿಯಿಂದ ಎರಡು ಮುಚ್ಚಳ, ಹಸಿರು ಡಬ್ಬಿಯಿಂದ ಎರಡು ಮುಚ್ಚಳ, ಆಮೇಲೆ ನೀರಿನಲ್ಲಿ ಗೊಬ್ಬರ ಎಷ್ಟಿದೆ ಎಂದು ತೋರಿಸುವ ಮೀಟರಿನ ಕಡ್ಡಿ ಅದ್ದಿ ಅಂಕಿ ನೋಡುವುದು.

ಚಂದ್ರಾಮಪ್ಪ ಹಾಕಿಕೊಟ್ಟ ಕಟ್ಟಳೆಗಳಲ್ಲಿ ಒಂದು ಹೀಗಿತ್ತು. ಕೊಯ್ಯುವ ಮೊದಲಿನ ನಾಲ್ಕು ದಿನ ಆ ಸಾಲಿಗೆ ಗೊಬ್ಬರ ಬಿಡಬಾರದು. ಟಾಕಿ ತೊಳೆದು ಬರೀ ನೀರು ತುಂಬಬೇಕು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ರುಚಿ ಕೆಡ್ತದ ಸುಂದ್ರಮ್ಮ, ಅಷ್ಟು ತಿಳ್ಕೊ ಸಾಕು," ಅಂದಿದ್ದರು. ಅವಳೂ ಅವಳ ಜೊತೆಗೆ ಕೆಲಸ ಮಾಡುವ ಅಯ್ಯಮ್ಮನೂ ಅದಕ್ಕೆ ಉಪಾಸ ಎಂದು ಹೆಸರಿಟ್ಟಿದ್ದರು. "ಇವತ್ತಿಂದ ನಾಕನೇ ಸಾಲು ಉಪಾಸ" ಎಂದರೆ ಚಂದ್ರಾಮಪ್ಪ ಸೇರಿ ಮೂವರಿಗೂ ತಿಳಿಯುತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಕಾಲುವೆ ನೀರು ನಿಂತಿತು. ಬಿಸಿಲು ಏರಿತು. ಕರೆಂಟು ಹಗಲಲ್ಲೇ ನಾಲ್ಕೈದು ತಾಸು ಹೋಗತೊಡಗಿತು. ದೀಪ ಆರಿ ಗೋದಾಮು ಕತ್ತಲಾದಾಗ ಪಂಪು ಮಾತ್ರ ಬ್ಯಾಟರಿಯ ಮೇಲೆ ಗುರ್ ಎನ್ನುತ್ತಿತ್ತು. ಉಪಾಸದ ಸಾಲಿನ ಎಲೆ ಎಂದಿಗಿಂತ ಹೆಚ್ಚು ಬಿಳಿಚಿ ಕಾಣತೊಡಗಿದವು. ಒಂದು ಗುರುವಾರ ಅಂಗಡಿಯವನು ಹದಿನೈದು ಕಟ್ಟು ವಾಪಸ್ ಕಳಿಸಿದ. "ಇದೇನ್ ಹಳದಿ ಮಾಲು? ಮಂದಿ ಮುಟ್ಟವಲ್ರು," ಎಂದು ಹೇಳಿ ಕಳಿಸಿದ್ದ. ಚಂದ್ರಾಮಪ್ಪ ಬೈಯಲಿಲ್ಲ. ವಾಪಸ್ ಬಂದ ಎಲೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುರ್ಚಿಯ ಮೇಲೆ ಕೂತಿದ್ದರು. ಅವರು ಬೈದಿದ್ದರೆ ಸುಂದ್ರಮ್ಮನಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಈ ಕೋಣೆಯ ಬಾಗಿಲು ಮುಚ್ಚಿದರೆ, ಕಾಲುವೆಗೆ ಮತ್ತೆ ನೀರು ಬರುವತನಕ ತಾನು ಎಲ್ಲಿಗೆ ಹೋಗುವುದು?

ಮುಂದಿನ ವಾರ ಕೊಯ್ಯುವ ಹಿಂದಿನ ದಿನ, ಅಯ್ಯಮ್ಮ ಊಟಕ್ಕೆ ಹೊರಗೆ ಹೋದಾಗ, ಸುಂದ್ರಮ್ಮ ಉಪಾಸದ ಟಾಕಿಗೆ ಬಿಳಿ ಡಬ್ಬಿಯಿಂದ ಮೂರು ಮುಚ್ಚಳ ಸುರಿದಳು. ಬೆಳಗಾಗುವುದರೊಳಗೆ ಎಲೆ ಸೆಟೆದು ನಿಂತಿದ್ದವು. ಬಣ್ಣವೂ ಗಾಢವಾದಂತೆ ಅವಳಿಗೆ ಕಂಡಿತು. ಆ ಗುರುವಾರ ಒಂದು ಕಟ್ಟೂ ವಾಪಸ್ ಬರಲಿಲ್ಲ. "ಈ ಸಲ ಚಲೋ ಬಂದದಲ್ಲ!" ಎಂದು ಚಂದ್ರಾಮಪ್ಪ ನಕ್ಕರು. ಅದರ ಮುಂದಿನ ವಾರವೂ ಸುಂದ್ರಮ್ಮ ಸುರಿದಳು. ಮೂರನೆಯ ವಾರ ಮೂರರ ಬದಲು ಐದು ಮುಚ್ಚಳ ಸುರಿದಳು.

ಆ ಮೂರನೆಯ ವಾರದ ಪಾಲಕ್ಕಿನಲ್ಲಿ ಎರಡು ಕಟ್ಟು ಅವಳು ಮನೆಗೆ ತಂದಳು.

ಮನೆಯಲ್ಲಿ ಮಗಳು ಮಾನಮ್ಮ ಬಾಣಂತನಕ್ಕೆ ಬಂದಿದ್ದಳು. ಗಂಡ ಭೀಮರಾಯ ಯಾದಗಿರಿಯಲ್ಲಿ ಒಂದು ಆಫೀಸಿನ ಗುಮಾಸ್ತ. ಅವನ ಮನೆ ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿ. ಕೂಸಿಗೆ ನಾಲ್ಕೂವರೆ ತಿಂಗಳು, ಹೆಣ್ಣು ಕೂಸು. ಆ ವಾರ ಮಾನಮ್ಮನಿಗೆ ಜ್ವರ ಬಂದು ಎದೆಹಾಲು ಇಳಿದಿತ್ತು. ಕೂಸಿಗೂ ಎರಡು ದಿನದಿಂದ ಭೇದಿ. ಅತ್ತು ಅತ್ತು ಅದರ ಗಂಟಲು ಒಡೆದಿತ್ತು.

ಶುಕ್ರವಾರ ಸಂಜೆ ಸುಂದ್ರಮ್ಮ ಪಾಲಕ್ ಬೇಯಿಸಿ, ಬೇಯಿಸಿದ ನೀರನ್ನೂ ಚೆಲ್ಲದೆ, ಅಕ್ಕಿ ಗಂಜಿಯ ಜೊತೆ ನುಣ್ಣಗೆ ಅರೆದಳು.

"ಯವ್ವಾ, ಆರು ತಿಂಗಳು ತುಂಬೂತನ ಏನೂ ಕೊಡಬ್ಯಾಡ್ರಿ ಅಂತ ನರ್ಸಮ್ಮ ಹೇಳ್ಯಾಳ," ಅಂದಳು ಮಾನಮ್ಮ.

"ನಿನಗ ನಾಕ ತಿಂಗಳಿಗೇ ಕೊಟ್ಟೀನಿ. ಸತ್ತೇನು ನೀ? ಹಸಿದ ಕೂಸಿನ ಮುಂದ ಕುಂತು ಕಾನೂನು ಮಾತಾಡಬ್ಯಾಡ."

ಕೂಸು ತಿಂದಿತು. ಅಳು ನಿಲ್ಲಿಸಿ ಮಲಗಿತು. ಉಳಿದದ್ದನ್ನು ಸುಂದ್ರಮ್ಮ ಬಟ್ಟಲಿಗೆ ಹಾಕಿ ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಳು. ಶನಿವಾರ ಮುಂಜಾನೆ ಅದನ್ನೇ ಉಗುರುಬೆಚ್ಚಗೆ ಮಾಡಿ ಮತ್ತೆ ಉಣಿಸಿದಳು.

ಹತ್ತೂವರೆಗೆ ಕೂಸಿಗೆ ನೀರೆರೆಯಲು ಎತ್ತಿಕೊಂಡಾಗ ಅದರ ತುಟಿಯ ಸುತ್ತ ನೇರಳೆ ಹಣ್ಣು ತಿಂದಂತಹ ಬಣ್ಣ ಕಂಡಿತು. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಉಗುರು ನೋಡಿದಳು. ಉಗುರೂ ಹಾಗೇ ಇದ್ದವು. ಕೂಸು ಅಳುತ್ತಿರಲಿಲ್ಲ. ಕಣ್ಣು ಅರ್ಧ ತೆರೆದು, ಬಾಯಿ ಬಿಟ್ಟು, ಸಣ್ಣಗೆ ಬೇಗ ಬೇಗ ಉಸಿರಾಡುತ್ತಿತ್ತು.

"ಮಾನವ್ವಾ!" ಎಂದಳು.

ಶಹಾಪುರದ ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ, ಮೂಗಿಗೆ ಆಕ್ಸಿಜನ್ ಕೊಟ್ಟು, ಐದೇ ನಿಮಿಷದಲ್ಲಿ ಆ್ಯಂಬುಲೆನ್ಸಿಗೆ ಫೋನ್ ಮಾಡಿದರು. "ಯಾದಗಿರಿಗೆ ಒಯ್ರಿ. ತಡ ಮಾಡಬ್ಯಾಡ್ರಿ," ಎಂದರು. ಏನಾಗಿದೆ ಎಂದು ಹೇಳಲಿಲ್ಲ.

ಆ್ಯಂಬುಲೆನ್ಸಿನ ಚಾಲಕ ಸರದಾರಸಾಬ, ಗಡ್ಡ ನರೆತವನು. ದೋರನಹಳ್ಳಿ ದಾಟುವತನಕ ಒಂದು ಮಾತೂ ಆಡಲಿಲ್ಲ. ಆಮೇಲೆ ಕನ್ನಡಿಯಲ್ಲಿ ನೋಡಿ, "ಉಸುರು ಆಡಾಕತ್ತದೇನವ್ವ?" ಎಂದು ಕೇಳಿದ. ಸುಂದ್ರಮ್ಮ ಕೂಸಿನ ಎದೆಯ ಮೇಲೆ ಅಂಗೈ ಇಟ್ಟು, "ಆಡಾಕತ್ತದ," ಎಂದಳು. ಒಂದು ಮೈಲಿಗೊಮ್ಮೆ ಅವನು ಅದನ್ನೇ ಕೇಳಿದ, ಇವಳು ಅದನ್ನೇ ಹೇಳಿದಳು. ಭೀಮಾ ಸೇತುವೆಯ ಮೇಲೆ ಎದುರಿಗೆ ಎರಡು ಲಾರಿ ಸಿಕ್ಕಿ ಗಾಡಿ ನಿಂತಾಗ ಅವನು ಕೇಳಲಿಲ್ಲ. ಅದೇ ಅವಳಿಗೆ ಇನ್ನೂ ಹೆಚ್ಚು ಹೆದರಿಕೆ ತಂದಿತು. ಮಾನಮ್ಮ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಕೂಸಿನ ಬಣ್ಣ ಈಗ ತುಟಿಯಿಂದ ಕೆನ್ನೆಗೆ ಹಬ್ಬಿ, ಬೂದಿ ಸವರಿದಂತೆ ಆಗಿತ್ತು.

ಯಾದಗಿರಿಯ ದವಾಖಾನೆಯ ಬಾಗಿಲಲ್ಲಿ ಭೀಮರಾಯ ನಿಂತಿದ್ದ. ಆಫೀಸಿನಿಂದ ಹಾಗೇ ಓಡಿ ಬಂದಿದ್ದ. ಮಕ್ಕಳ ಡಾಕ್ಟರು ಮಧ್ಯವಯಸ್ಸಿನ ಹೆಣ್ಣುಮಗಳು. ಕೂಸಿನ ಕಾಲ್ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಒಂದು ಚಿಮಟ ಹಚ್ಚಿ, ಆಕ್ಸಿಜನ್ ಜೋರು ಮಾಡಿ, ಅಂಕಿ ನೋಡುತ್ತ ನಿಂತರು. ಅಂಕಿ ಎಂಬತ್ತೈದರಲ್ಲೇ ಕೂತಿತ್ತು. ಇನ್ನೂ ಜೋರು ಮಾಡಿದರು. ಅದು ಅಲುಗಲಿಲ್ಲ.

"ಹುಟ್ಟಿದಾಗಿಂದ ಹೃದಯದ ತೊಂದರೆ ಏನಾದ್ರೂ ಹೇಳಿದ್ರಾ?"

"ಇಲ್ರಿ," ಎಂದ ಭೀಮರಾಯ.

"ಕೂಸಿಗೆ ಏನು ಕೊಡ್ತೀರಿ?"

ಮಾನಮ್ಮ ಅವ್ವನ ಕಡೆ ಒಮ್ಮೆ ನೋಡಿದಳು. ನರ್ಸಮ್ಮ ಬೇಡ ಎಂದದ್ದನ್ನು ಕೊಟ್ಟದ್ದು ಗೊತ್ತಾದರೆ ಬೈಯುತ್ತಾರೆ, ಗಂಡನೂ ಎದುರಿಗಿದ್ದಾನೆ. "ಎದೆಹಾಲು ಅಷ್ಟೇರಿ," ಎಂದಳು.

ಸುಂದ್ರಮ್ಮನೂ ಸುಮ್ಮನಿದ್ದಳು. ಒಂದು ತುತ್ತು ಸೊಪ್ಪಿನಿಂದ ಕೂಸು ನೀಲಿಗಟ್ಟುತ್ತದೆ ಎಂಬ ಯೋಚನೆ ಅವಳ ತಲೆಗೆ ಬಂದಿರಲೇ ಇಲ್ಲ.

"ಇನ್ನೊಂದು ಅರ್ಧ ತಾಸು ನೋಡ್ತೀನಿ," ಎಂದರು ಡಾಕ್ಟರು. "ಹೃದಯದ್ದೇ ಅನಿಸ್ತದ. ಕಲಬುರಗಿಗೆ ಕಳಸಬೇಕಾಗ್ತದ."

ಭೀಮರಾಯ ಗಾಡಿಯ ವ್ಯವಸ್ಥೆಗೆ ಹೋದ. ಸುಂದ್ರಮ್ಮ ಹೊರಗಿನ ವರಾಂಡಕ್ಕೆ ಬಂದಳು. ಕೆಲಸಕ್ಕೆ ಬರುವುದಿಲ್ಲ ಎಂದು ಚಂದ್ರಾಮಪ್ಪನವರಿಗೆ ಹೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಫೋನ್ ಹಚ್ಚಿದಳು. ನಡೆದದ್ದನ್ನೆಲ್ಲ ಎರಡು ಮಾತಿನಲ್ಲಿ ಹೇಳಿದಳು.

"ನೀಲಿ ಅಂದ್ರ ಹೆಂಗ? ತುಟಿ, ಉಗುರು?" ಎಂದು ಕೇಳಿದರು ಚಂದ್ರಾಮಪ್ಪ.

"ಹೌದ್ರಿ ಸರ್. ಆಕ್ಸಿಜನ್ ಹಚ್ಯಾರ, ಬಣ್ಣ ಬರವಲ್ದು."

"ಸುಂದ್ರಮ್ಮ... ನಮ್ಮ ಪಾಲಕ್ ಏನರ ತಿನ್ನಿಸೀದೇನು?"

"ಯಾಕ್ರಿ?"

"ಗೊಬ್ಬರದ ನೀರು ಎಲಿ ಕುಡೀತದಲ್ಲ, ಅದು ಎಲ್ಯಾಗ ಹಂಗೇ ಕುಂದ್ರತದ. ಬೆಳಕು ಸಿಕ್ಕಂಗ ಗಿಡ ಅದನ್ನ ಅರಗಿಸ್ಕೋತದ. ಅದಕ್ಕೇ ಕೊನೀ ನಾಕ ದಿನ ಬರೀ ನೀರು ಬಿಡೂದು, ಇದ್ದದ್ದು ಖರ್ಚಾಗ್ಲಿ ಅಂತ. ಅದು ಬಾಳ ಉಳದ್ರ ದೊಡ್ಡವರಿಗೆ ಏನಾಗೂದಿಲ್ಲ. ಸಣ್ಣ ಕೂಸಿಗೆ ರಕ್ತ ಕೆಡ್ತದ ಅಂತ ಓದೀನಿ." ನಿಂತು ಒಮ್ಮೆ ಉಸಿರೆಳೆದುಕೊಂಡರು. "ಆದ್ರ ನಮ್ಮಲ್ಲಿ ಉಪಾಸ ತಪ್ಪಿಲ್ಲ. ಹಂಗಾದ್ರ ನಮ್ಮ ಎಲಿಯಿಂದ ಆಗೂ ಮಾತಿಲ್ಲ. ನೀ ಫಿಕರ್ ಮಾಡಬ್ಯಾಡ. ಡಾಕ್ಟರ್ ಹೇಳಿದಂಗ ಕಲಬುರಗಿಗೆ ಒಯ್ರಿ."

ಅವರು ಫೋನು ಇಟ್ಟ ಮೇಲೂ ಅವಳು ಅದನ್ನು ಕಿವಿಗೆ ಹಿಡಿದೇ ಇದ್ದಳು.

ಉಪಾಸ ತಪ್ಪಿದ್ದು ಲೋಕದಲ್ಲಿ ಒಬ್ಬಳಿಗೇ ಗೊತ್ತು. ಐದು ಮುಚ್ಚಳ. ಅದೂ ಕೊಯ್ಯುವ ಹಿಂದಿನ ದಿನ. ಆ ದಿನ ಮಧ್ಯಾಹ್ನದಿಂದ ಕರೆಂಟೂ ಇರಲಿಲ್ಲ. ಕತ್ತಲಲ್ಲಿ ನಿಂತು ಗಿಡಗಳು ಆ ನೀರನ್ನು ಕುಡಿದಿದ್ದವು. ಅದನ್ನೇ ಅವಳು ಮನೆಗೆ ತಂದು, ಬೇಯಿಸಿ, ಕೈಯಾರೆ ಅರೆದು ಉಣಿಸಿದ್ದಳು. ಗೋಡೆ ಹಿಡಿದು ಕುಕ್ಕರಿಸಿದಳು.

ಹೇಳಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿತು. ಭೀಮರಾಯ ತನ್ನ ಮುಖ ನೋಡುವ ರೀತಿ. ಮಾನಮ್ಮ. ಮೊಮ್ಮಗಳಿಗೆ ವಿಷ ಹಾಕಿದ ಆಯಿ ಎಂದು ರಾಮಸಮುದ್ರದ ಮನೆ ಮನೆಯಲ್ಲಿ ಮಾತು. ಪೊಲೀಸರೂ ಬರಬಹುದು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೃದಯದ್ದು ಎಂದು ಡಾಕ್ಟರೇ ಹೇಳಿದ್ದಾರೆ. ಕಲಬುರಗಿಯ ದೊಡ್ಡ ಡಾಕ್ಟರು ನೋಡುತ್ತಾರೆ, ಅವರಿಗೆ ಎಲ್ಲ ಗೊತ್ತಿರುತ್ತದೆ. ಆದರೆ ಕಲಬುರಗಿ ಎರಡು ತಾಸಿನ ದಾರಿ. ಸರದಾರಸಾಬ ಮೈಲಿಗೊಮ್ಮೆ ಉಸಿರು ಆಡುತ್ತಿದೆಯೇ ಎಂದು ಕೇಳುತ್ತಾನೆ. ಎಲ್ಲೋ ಒಂದು ಕಡೆ ಅವಳು ಹೌದು ಎನ್ನಲು ಆಗುವುದಿಲ್ಲ.

ಅಂಗಳದಲ್ಲಿ ಗಾಡಿ ತಿರುಗಿಸುವ ಸದ್ದು ಕೇಳಿಸಿತು.

ಅವಳು ಎದ್ದು ಒಳಗೆ ಹೋದಳು. ಡಾಕ್ಟರು ಚೀಟಿ ಬರೆಯುತ್ತಿದ್ದರು. ಭೀಮರಾಯ ಪಕ್ಕದಲ್ಲಿ ನಿಂತಿದ್ದ. ಅವನಿಲ್ಲದಾಗ ಹೇಳೋಣ ಎಂದುಕೊಂಡಿದ್ದಳು. ಅಷ್ಟು ಹೊತ್ತು ಇರಲಿಲ್ಲ.

"ಅಕ್ಕೋರ, ನನ್ನ ಮಗಳು ಸುಳ್ಳು ಹೇಳ್ಯಾಳ್ರಿ. ನಾ ಕೂಸಿಗೆ ಪಾಲಕ್ ಅರದು ಉಣಿಸೀನಿ. ನಿನ್ನಿ ಸಂಜಿಗೆ ಒಮ್ಮೆ, ಇವತ್ತು ಮುಂಜಾನಿ ಒಮ್ಮೆ. ನಿನ್ನಿದೇ ಇಟ್ಟಿದ್ದು."

ಡಾಕ್ಟರು ಪೆನ್ನು ನಿಲ್ಲಿಸಿದರು. "ಎಷ್ಟು?"

"ಒಂದು ಬಟ್ಟಲಾ. ಮಣ್ಣಾಗ ಬೆಳದದ್ದಲ್ರಿ ಅದು. ಶಹಾಪುರದಾಗ ಕ್ವಾಣ್ಯಾಗ ಗೊಬ್ಬರದ ನೀರಿನ ಮ್ಯಾಲ ಬೆಳಸ್ತೀವಿ. ಕೊಯ್ಯೂ ಮೊದಲು ನಾಕ ದಿನ ಗೊಬ್ಬರ ಬಿಡಬಾರದು. ನಾ ಬಿಟ್ಟೀನಿ. ಎಲಿ ಹಚ್ಚಗ ಕಾಣ್ಲಿ ಅಂತ ಕದ್ದು ಬಿಟ್ಟೀನಿ. ಯಾರಿಗೂ ಗೊತ್ತಿಲ್ಲ."

ಭೀಮರಾಯನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಡಾಕ್ಟರು ಅಷ್ಟರಲ್ಲಿ ಕೂಸಿನ ಹತ್ತಿರ ಹೋಗಿ, ಕೈಯಿಂದ ಸೂಜಿಯಲ್ಲಿ ಸ್ವಲ್ಪ ರಕ್ತ ತೆಗೆದು, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರು. ಪಕ್ಕದಲ್ಲಿ ತಮ್ಮ ಬೆರಳಿಗೇ ಚುಚ್ಚಿಕೊಂಡು ಇನ್ನೊಂದು ಹನಿ. ಅವರ ಹನಿ ಕೆಂಪಗೆ ಹರಡಿತು. ಕೂಸಿನದು ಕೆಂಪಾಗಲೇ ಇಲ್ಲ. ಬೆಲ್ಲದ ಪಾಕದ ಹಾಗೆ ಕಂದು ಬಣ್ಣ. ಎಲ್ಲರೂ ನೋಡುತ್ತಲೇ ಇದ್ದರು. ಗಾಳಿಗೆ ಆರುತ್ತಾ ಬಂದರೂ ಅದು ಕಂದಾಗಿಯೇ ಉಳಿಯಿತು.

"ಹೃದಯ ಅಲ್ಲ," ಎಂದರು ಡಾಕ್ಟರು. ದನಿಯಲ್ಲಿ ಅವಸರ ಬಂದಿತ್ತು. "ರಕ್ತಕ್ಕ ಆಕ್ಸಿಜನ್ ಹೊರೂ ಶಕ್ತಿನೇ ಹೋಗ್ಯಾದ. ಎಷ್ಟು ಕೊಟ್ರೂ ತಗೊಳ್ಳೂದಿಲ್ಲ. ಇದಕ್ಕ ಒಂದೇ ಇಂಜೆಕ್ಷನ್ ಅದ. ನಮ್ಮ ಕಪಾಟಿನ್ಯಾಗ ಇಲ್ಲ. ಊರಾಗ ಇನ್ನೊಂದು ದವಾಖಾನ್ಯಾಗ ಇರಬೇಕು. ಯಾರು ಹೋಗ್ತೀರಿ?"

ಭೀಮರಾಯ ಚೀಟಿ ಕಸಿದುಕೊಂಡು ಓಡಿದ. ಸರದಾರಸಾಬ ಗಾಡಿ ತಿರುಗಿಸಿಯೇ ನಿಂತಿದ್ದ.

ಅವರು ಹೋಗಿ ಬರಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ಸುಂದ್ರಮ್ಮ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಕೂಸು ಈಗ ಕೈಕಾಲು ಆಡಿಸುತ್ತಿರಲಿಲ್ಲ. ನಡುವೆ ಒಮ್ಮೆ ಉಸಿರು ನಿಂತಿತು. ನರ್ಸು ಅಂಗಾಲನ್ನು ತಟ್ಟಿದಳು. ಮತ್ತೆ ತಟ್ಟಿದಳು. ಕೂಸು ಬಿಕ್ಕಿದಂತೆ ಒಂದು ಉಸಿರು ಎಳೆಯಿತು. ಅಂಕಿ ಎಂಬತ್ತೊಂದಕ್ಕೆ ಇಳಿದಿತ್ತು. ಮಾನಮ್ಮ ಈ ಕಡೆ ತಿರುಗಿಯೂ ನೋಡಲಿಲ್ಲ. "ಗೊತ್ತಿತ್ತೇನು ನಿನಗ?" ಎಂದಳು ಒಮ್ಮೆ, ಗೋಡೆಗೆ ಹೇಳಿದಂತೆ.

"ಗೊತ್ತಿದ್ರ ಕೊಡ್ತಿದ್ನೇನ ತಾಯಿ?"

"ಕದ್ದು ಹಾಕೂದು ಗೊತ್ತಿತ್ತಲ್ಲ."

ಸುಂದ್ರಮ್ಮ ಕೂಸಿನ ಅಂಗಾಲನ್ನು ಅಂಗೈಯಲ್ಲಿ ಹಿಡಿದು ಕೂತಳು.

ಭೀಮರಾಯ ತಂದ ಔಷಧಿ ಬರೆಯುವ ಮಸಿಯಂತೆ ನೀಲಿಯಾಗಿತ್ತು. ಮೊದಲೇ ನೀಲಿಯಾದ ಕೂಸಿನ ಮೈಗೆ ನೀಲಿ ನೀರು ಇಳಿಸುವುದನ್ನು ನೋಡಿ ಸುಂದ್ರಮ್ಮ ಮಂಚದ ಪಟ್ಟಿ ಹಿಡಿದು ಎದ್ದು ನಿಂತಳು. ಡಾಕ್ಟರು ಐದು ನಿಮಿಷ ಹಿಡಿದು ನಿಧಾನಕ್ಕೆ ತಳ್ಳಿದರು. ಮೊದಲು ಏನೂ ಆಗಲಿಲ್ಲ. ಕಾಲು ಗಂಟೆಯಾಯಿತು. ಅರ್ಧ ಗಂಟೆ ಆಗುತ್ತ ಬಂತು. ಆಗ ನರ್ಸು ಬಗ್ಗಿ, "ಮೇಡಂ, ಕಿವಿ ನೋಡ್ರಿ," ಎಂದಳು. ಕಿವಿಯ ತುದಿ ನಸುಗೆಂಪಾಗಿತ್ತು. ಆಮೇಲೆ ತುಟಿ. ಬೂದಿ ಒರೆಸಿದ ಹಾಗೆ ಕೆನ್ನೆಯ ಬಣ್ಣ ಮೇಲೆ ಬಂತು. ಒಂದು ತಾಸು ಕಳೆಯುವುದರಲ್ಲಿ ಕೂಸು ದನಿ ತೆಗೆದು ಅತ್ತಿತು. ಮಾನಮ್ಮ ಅದನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು.

ಸಂಜೆ ಐದಕ್ಕೆ ಕೂಸು ಉಚ್ಚೆ ಮಾಡಿತು. ಬಟ್ಟೆ ಬದಲಿಸಲು ಹೋದ ಸುಂದ್ರಮ್ಮ ಕೂಗಿಕೊಂಡಳು. ಬಟ್ಟೆಯ ಮೇಲೆ ಪಾಚಿಯಂತಹ ಹಸಿರು-ನೀಲಿ. ಸೊಪ್ಪೇ ಕೂಸಿನ ಮೈಯೆಲ್ಲ ಹರಿದು ಹೊರಗೆ ಬಂದಿದೆ ಎಂದು ಅವಳಿಗೆ ತೋರಿತು. ನರ್ಸು ಓಡಿ ಬಂದು ನೋಡಿ ನಕ್ಕಳು. "ಔಷಧಿ ಬಣ್ಣ ಅದು, ಹೆದರಬ್ಯಾಡ್ರಿ."

ಡಾಕ್ಟರು ಅವಳನ್ನು ಒಮ್ಮೆ ಕರೆದು ಕೂರಿಸಿಕೊಂಡರು. ಬೈಯಲಿಲ್ಲ. "ಬರೀ ಎಲಿಯಿಂದ ಆಗಿದ್ದಲ್ಲ. ಎಲ್ಯಾಗ ಗೊಬ್ಬರದ ಅಂಶ ಬಾಳಿತ್ತು. ಅದನ್ನ ಬೇಸಿಗ್ಯಾಗ ರಾತ್ರಿಯೆಲ್ಲ ಹೊರಗಿಟ್ರಿ, ಅಲ್ಲಿ ಅದು ಇನ್ನೂ ಕೆಟ್ಟತು. ಕೂಸಿಗೆ ಭೇದಿನೂ ಇತ್ತು. ಎಲ್ಲ ಕೂಡಿ ಹಿಂಗಾಗ್ಯಾದ. ನೀವು ಆ ಮಾತು ಹೇಳದಿದ್ರ ನಾ ಕಲಬುರಗಿಗೆ ಕಳಸ್ತಿದ್ದೆ." ಆಮೇಲೆ ಕೇಳಿದರು: "ಆ ಸಾಲಿನ ಸೊಪ್ಪು ಮತ್ತ ಯಾರಿಗೆ ಹೋಗ್ಯಾದ?"

ಅಷ್ಟು ಹೊತ್ತು ಕೂಸಿನ ಮೇಲೇ ಇದ್ದ ಹೆದರಿಕೆ ಈಗ ಊರ ತುಂಬ ಹರಡಿಕೊಂಡಿತು.

ಅವಳು ಚಂದ್ರಾಮಪ್ಪನವರಿಗೆ ಮತ್ತೆ ಫೋನ್ ಮಾಡಿದಳು. ಈ ಸಲ ಎಲ್ಲವನ್ನೂ ಹೇಳಿದಳು. ಮೂರು ವಾರ, ಮೂರು ಮುಚ್ಚಳ, ಮೂರು ಮುಚ್ಚಳ, ಐದು ಮುಚ್ಚಳ. ಮುಗಿದ ಮೇಲೆ, "ಕಾರಣ ನಾನೂ ನಿನಗ ಹೇಳಿರಲಿಲ್ಲ," ಎಂದಷ್ಟೇ ಹೇಳಿ ಫೋನಿಟ್ಟರು. ಒಂದು ತಾಸಿನಲ್ಲಿ ತಾವೇ ಅಂಗಡಿ, ಖಾನಾವಳಿ, ಮನೆ ಎಲ್ಲ ಕಡೆ ಕೇಳಿ ತಿರುಗಿ ಫೋನ್ ಮಾಡಿದರು. ಇಪ್ಪತ್ತಾರು ಕಟ್ಟಿನ ಪತ್ತೆ ಹತ್ತಿತ್ತು. ಎಲ್ಲ ದೊಡ್ಡವರು ತಿಂದದ್ದು, ಯಾರಿಗೂ ಏನೂ ಆಗಿರಲಿಲ್ಲ. ಉಳಿದದ್ದು ಒಂದೇ ಕಟ್ಟು. ಅದನ್ನು ಅಯ್ಯಮ್ಮ ಸುರಪುರದಲ್ಲಿರುವ ತನ್ನ ತಂಗಿ ಲಾಲಮ್ಮನಿಗೆ ಕಳಿಸಿದ್ದಳು. ಲಾಲಮ್ಮನಿಗೂ ಐದು ತಿಂಗಳ ಕೂಸಿತ್ತು. ಆಕೆಯ ಫೋನು ಬಂದ್ ಬರುತ್ತಿತ್ತು. ಅಯ್ಯಮ್ಮನೂ ಅದೇ ದಿನ ಸಂಬಂಧಿಕರ ಮನೆಗೆಂದು ಗುರುಮಠಕಲ್ ಕಡೆ ಹೋಗಿದ್ದಳು. ತಂಗಿಯ ಮನೆ ಎಲ್ಲಿ ಎಂಬುದನ್ನಷ್ಟೇ ಫೋನಿನಲ್ಲಿ ಹೇಳಿದ್ದಳು.

ಚಂದ್ರಾಮಪ್ಪನವರಿಗೆ ಮಂಡಿ ನೋವು, ಗಾಡಿ ಓಡಿಸಲು ಆಗುತ್ತಿರಲಿಲ್ಲ. "ನಾ ಹೋಗ್ತೀನ್ರಿ," ಎಂದಳು ಸುಂದ್ರಮ್ಮ.

ಆ ರಾತ್ರಿ ಬಸ್ಸು ಇರಲಿಲ್ಲ. ರವಿವಾರ ಮುಂಜಾನೆ ಮೊದಲ ಬಸ್ಸಿಗೆ ಯಾದಗಿರಿಯಿಂದ ಹೊರಟಳು. ಶಹಾಪುರ ಬಂತು, ಅವಳು ಇಳಿಯಲಿಲ್ಲ. ದಾರಿಯುದ್ದಕ್ಕೂ ಪಕ್ಕದ ಕಾಲುವೆ ಬರಿದಾಗಿ ಬಿದ್ದಿತ್ತು, ತಳದಲ್ಲಿ ಒಡೆದ ಕೆಸರು. ಎದುರಿನಿಂದ ಆ್ಯಂಬುಲೆನ್ಸಿನ ಸದ್ದು ಕೇಳಿದಾಗ ಅವಳು ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. ಅದು ಸರದಾರಸಾಬನದಲ್ಲ, ಬೇರೆ ಯಾವುದೋ ಗಾಡಿ, ಕೂಗುತ್ತ ಹೋಯಿತು. ಅದರೊಳಗೆ ಯಾರಿದ್ದರೋ ಎಂದು ಸುರಪುರ ಮುಟ್ಟುವತನಕ ಅವಳು ಅದನ್ನೇ ಯೋಚಿಸಿದಳು.

ಗುಡ್ಡದ ಬುಡದ ಓಣಿಯಲ್ಲಿ ಮನೆ ಸಿಕ್ಕಿತು. ಬಾಗಿಲ ಮುಂದೆ ಏಳೆಂಟು ಮಂದಿ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದರು. ಇಷ್ಟು ಮುಂಜಾನೆ ಇಷ್ಟು ಮಂದಿ ಯಾಕೆ ಸೇರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಒಳಗಿನಿಂದ ಅಳು ಕೇಳುತ್ತದೆಯೇ ಎಂದು ನಿಂತು ಆಲಿಸಿದಳು.

ಒಳಗೆ ನಗು ಕೇಳಿಸಿತು.

ಲಾಲಮ್ಮನ ಮೈದುನನಿಗೆ ಹೆಣ್ಣು ನೋಡಿಕೊಂಡು ಬಂದಿದ್ದರಂತೆ, ಅದರ ಮಾತುಕತೆ ನಡೆದಿತ್ತು. ಲಾಲಮ್ಮ ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡು ಹೊರಗೆ ಬಂದಳು. ಸುಂದ್ರಮ್ಮ ನೇರ ಹೋಗಿ ಕೂಸಿನ ಕೈ ಹಿಡಿದು ಉಗುರು ನೋಡಿದಳು. ಕೆಳತುಟಿಯನ್ನು ಬೆರಳಿನಿಂದ ಸ್ವಲ್ಪ ಕೆಳಗೆಳೆದು ಒಳಗೆ ನೋಡಿದಳು. ಮತ್ತೆ ಉಗುರು ನೋಡಿದಳು.

ಲಾಲಮ್ಮ ಹೆದರಿ ಹಿಂದೆ ಸರಿದಳು. "ಯಾರು ನೀವು? ನನ್ನ ಕೂಸಿನ ಯಾಕ ಹಿಂಗ ನೋಡಾಕತ್ತೀರಿ? ಕಣ್ಣ ಹಾಕಾಕ ಬಂದೀರೇನು?"

ಒಳಗಿದ್ದವರು ಎದ್ದು ಬಂದರು. ಒಬ್ಬ ಮುದುಕಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು.

"ನಾ ಅಯ್ಯಮ್ಮನ ಜೋಡಿ ಕೆಲಸ ಮಾಡಾಕಿ," ಎಂದಳು ಸುಂದ್ರಮ್ಮ. "ಆಕಿ ಕಳಿಸಿದ ಪಾಲಕ್ ಈ ಕೂಸಿಗೆ ಏನರ ಕೊಟ್ಟೀರೇನ್ರಿ?"

"ಶುಕ್ರವಾರ ಎರಡು ಬೆರಳು ನೆಕ್ಕಿಸೀನಿ. ಉಗುಳಿಬಿಟ್ಟತು. ಉಳದದ್ದು ನಾವ ತಿಂದೀವಿ. ಯಾಕ?"

ಸುಂದ್ರಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು. ಯಾರೋ ನೀರು ತಂದುಕೊಟ್ಟರು. ಕುಡಿದು, ಅಲ್ಲಿದ್ದ ಅಪರಿಚಿತರ ಮುಂದೆ, ತಾನು ಮಾಡಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದಳು. ಕೆಲವರು ಛೀ ಎಂದರು. ಆ ಮುದುಕಿ ಮಾತ್ರ, "ಅಷ್ಟು ದೂರದಿಂದ ಹೇಳಾಕ ಬಂದಿಯಲ್ಲ," ಎಂದು ಒಳಗೆ ಕರೆದು ಚಹಾ ಕೊಟ್ಟಳು. ಸುಂದ್ರಮ್ಮ ಕಪ್ಪು ತೆಗೆದುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಕುಡಿದಳು.

ಚಂದ್ರಾಮಪ್ಪ ಹದಿನೈದು ದಿನ ಕೋಣೆ ಮುಚ್ಚಿದರು. ತೆರೆದ ಮೇಲೆ ಗೊಬ್ಬರದ ಡಬ್ಬಿಗಳನ್ನು ಬೀಗದೊಳಗೆ ಇಟ್ಟು, ಎಲೆ ಕೊಯ್ಯುವ ಮುಂಚೆ ತಾವೇ ಅದರಲ್ಲಿ ಗೊಬ್ಬರ ಉಳಿದಿದೆಯೇ ಎಂದು ಕಾಗದದ ಪಟ್ಟಿಯಿಂದ ಪರೀಕ್ಷೆ ಮಾಡತೊಡಗಿದರು. ಕರೆಂಟು ಹೋದ ವಾರ ಉಪಾಸವನ್ನು ನಾಲ್ಕು ದಿನದಿಂದ ಆರು ದಿನಕ್ಕೆ ಬೆಳೆಸಿದರು. ಬಿಳಿಚಿದ ಎಲೆ ಬೇಡ ಎಂದ ಅಂಗಡಿಗೆ ಮಾಲು ಕೊಡುವುದನ್ನೇ ಬಿಟ್ಟರು. ಸುಂದ್ರಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಬೀಜ ಹಾಕುವುದು, ಪೈಪು ತೊಳೆಯುವುದು ಅವಳ ಪಾಲಿಗೆ ಬಂತು. ಟಾಕಿಯ ಕೆಲಸ ಅಯ್ಯಮ್ಮನಿಗೆ ಹೋಯಿತು. ಅಯ್ಯಮ್ಮ ಬಹಳ ದಿನ ಅವಳೊಡನೆ ಮಾತಾಡಲಿಲ್ಲ.

ಮಾನಮ್ಮ ದವಾಖಾನೆಯಿಂದ ತವರಿಗೆ ಬರಲೇ ಇಲ್ಲ. ನೇರ ರಾಮಸಮುದ್ರಕ್ಕೆ ಹೋದಳು. ಸುಂದ್ರಮ್ಮ ಫೋನ್ ಮಾಡಿದರೆ ಭೀಮರಾಯ ಎತ್ತಿ, "ಕೂಸು ಚಲೋ ಅದ ಅತ್ತಿ," ಎಂದಷ್ಟೇ ಹೇಳಿ ಇಡುತ್ತಿದ್ದ. ಆದರೂ ಅವನು ಎತ್ತುವುದನ್ನು ಬಿಡಲಿಲ್ಲ.

ಕಾಲುವೆಗೆ ನೀರು ಬಿಟ್ಟ ಮೇಲೆ, ಆಗಸ್ಟ್‌ನಲ್ಲಿ, ಅವಳು ಕರೆಯದೆಯೇ ರಾಮಸಮುದ್ರಕ್ಕೆ ಹೋದಳು. ಮಾನಮ್ಮ ಬಾಗಿಲಲ್ಲಿ ನೋಡಿ, "ಬಾ," ಎಂದಳು. ಮೊದಲೆರಡು ತಾಸು ಕೂಸನ್ನು ಕೊಡಲಿಲ್ಲ, ಇವಳೂ ಕೇಳಲಿಲ್ಲ. ಹಜಾರದಲ್ಲಿ ಗೋಡೆಗೆ ಆತುಕೊಂಡು ಕೂತಿದ್ದಳು. ಕೂಸೇ ಅಂಬೆಗಾಲಿಡುತ್ತ ಬಂದು ಅವಳ ಸೀರೆಯ ನೆರಿಗೆ ಹಿಡಿದು, ಎಳೆದು, ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಸುಂದ್ರಮ್ಮ ಅಲುಗಲಿಲ್ಲ. ಕೂಸಿನ ಉಗುರನ್ನು ಒಂದೊಂದಾಗಿ ನೋಡಿದಳು. ಎಲ್ಲ ನಸುಗೆಂಪಗಿದ್ದವು.

ಮಾನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೊಡ ಎತ್ತಿಕೊಂಡು, "ನಳದಾಗ ನೀರು ಬಂದಾವ, ತುಂಬ್ಕೊಂಡು ಬರ್ತೀನಿ. ಕೂಸು ಎದ್ರ ಎತ್ಕೊ," ಎಂದು ಹೊರಗೆ ಹೋದಳು. ಸುಂದ್ರಮ್ಮ ತೊಡೆ ಅಲುಗದಂತೆ ಕಾಲು ಸ್ವಲ್ಪ ಚಾಚಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.